ಟೈಮರ್ ಸಾಧಾರಣ, ಅದಕ್ಕೂ ಮೊದಲು ಕೇಳುವ ಪ್ರಶ್ನೆ ಚೆನ್ನಾಗಿದೆ

ಹದಿಹರೆಯದ ಮಕ್ಕಳಿಗೆ ಅಂತಲೇ ಮಾಡಿರುವ ಒಂದು ಫೋಕಸ್ ಆ್ಯಪ್ ಅನ್ನು ನನ್ನ ಮಗಳು ಕೆಲವು ತಿಂಗಳಿಂದ ಬಳಸುತ್ತಿದ್ದಾಳೆ. ಟೈಮರ್‌ನಲ್ಲಿ ಹೊಸದೇನೂ ಇಲ್ಲ. 25 ನಿಮಿಷ ಓದು, 5 ನಿಮಿಷ ಬಿಡುವು, ಅದೇ ಹಳೇ ಪೊಮೊಡೊರೊ. ಅಷ್ಟಕ್ಕೆ ಗೋಡೆ ಗಡಿಯಾರ ಸಾಕು, ಅಲ್ವಾ?

ನನಗೆ ಹಿಡಿಸಿದ್ದು ಬೇರೆ. ಟೈಮರ್ ಶುರುವಾಗುವ ಮೊದಲು 'ಈಗ ಹೇಗನ್ನಿಸುತ್ತಿದೆ?' ಅಂತ ಕೇಳುತ್ತದೆ. ಇಮೋಜಿ ಒತ್ತಿ ಮುಂದೆ ಹೋಗುವ ಹಾಗಿಲ್ಲ, ಪದ ಆರಿಸಬೇಕು. ಸಿಟ್ಟು, ಬೇಜಾರು, ಗಾಬರಿ, ಹೊಟ್ಟೆಕಿಚ್ಚು, ಹೀಗೆ. ಆಮೇಲೆ ಯಾಕೆ ಅಂತ ಒಂದು ಸಾಲು. ಸುಮ್ನೆ ಟೈಮ್ ವೇಸ್ಟ್ ಅನ್ನಿಸಬಹುದು. ಆದರೆ ಗೆಳತಿ ಮೆಸೇಜ್ ನೋಡಿಯೂ ಉತ್ತರ ಕೊಟ್ಟಿಲ್ಲ ಅನ್ನುವ ಕೊರಗು ಸುತ್ತುತ್ತಿದ್ದರೆ, ಲೆಕ್ಕದ ಹಿಂದಿನ ಹೆಜ್ಜೆ ನೆನಪಿಟ್ಟುಕೊಳ್ಳಲು ತಲೆಯಲ್ಲಿ ಜಾಗ ಎಲ್ಲಿರುತ್ತದೆ? ಒಂದು ಹೊತ್ತಿಗೆ ಮನಸ್ಸು ಹಿಡಿದಿಡುವುದೇ ಸ್ವಲ್ಪ, ಅದರಲ್ಲೂ ಚಿಂತೆ ಪಾಲು ಕೇಳುತ್ತದೆ. ಅನ್ನಿಸಿದ್ದಕ್ಕೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಭಯ, ಆತಂಕಕ್ಕೆ ಮಿಡಿಯುವ ಅಮಿಗ್ಡಲಾ ಅನ್ನುವ ಭಾಗದ ಅಬ್ಬರ ಕಡಿಮೆಯಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತ್ತು. ಅದು ದೊಡ್ಡವರ ಮೇಲೆ ಮಾಡಿದ್ದು, ನಿಜ. ಆದರೂ 'ಗಾಬರಿ, ನಾಳೆ ಕ್ಲಾಸ್‌ನಲ್ಲಿ ಎದ್ದು ಮಾತಾಡಬೇಕು' ಅಂತ ಬರೆದ ದಿನ ಇವಳು ಕೂತ ಜಾಗದಿಂದ ಏಳುವುದು ಕಡಿಮೆ. ಆ ಸಾಲನ್ನು ಅವಳೇ ತೋರಿಸಿದ್ದು, ನಾನು ಇಣುಕಿದ್ದಲ್ಲ.

ಇಣುಕುವ ವಿಷಯಕ್ಕೇ ನನ್ನ ತಕರಾರು. ಈ ಆ್ಯಪ್ ಮಕ್ಕಳ ಮೂಡ್ ಅನ್ನು ಗ್ರಾಫ್ ಮಾಡಿ ವಾರಕ್ಕೊಮ್ಮೆ ಅಪ್ಪ ಅಮ್ಮನಿಗೆ ಕಳಿಸುತ್ತದೆ! ಅದು ಗೊತ್ತಾದ ಮೇಲೆ ಇವಳು ದಿನಾ 'ಖುಷಿ' ಅಂತ ಒತ್ತತೊಡಗಿದಳು. ಸಿಡುಕುತ್ತಾ ಕೂತಿದ್ದರೂ ಖುಷಿ. ಈ ವಯಸ್ಸಿನಲ್ಲಿ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನುವ ಭಾವನೆ ಮೊದಲೇ ಜಾಸ್ತಿ, ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲೇ ಇದನ್ನು 'ಕಾಲ್ಪನಿಕ ಪ್ರೇಕ್ಷಕರು' ಅಂತ ಕರೆದಿದ್ದರು. ಇಲ್ಲಿ ನಿಜವಾದ ಪ್ರೇಕ್ಷಕರನ್ನೇ ತಂದು ಕೂರಿಸಿದ್ದಾರೆ. ತನ್ನನ್ನು ತಾನು ಗಮನಿಸುವುದು ಒಂದು, ನಾನು ಹೇಗೆ ಕಾಣುತ್ತಿದ್ದೇನೋ ಅಂತ ಒದ್ದಾಡುವುದು ಇನ್ನೊಂದು. ಎರಡನೆಯದು ಬಂದರೆ ಓದು ಕೆಟ್ಟ ಹಾಗೇ.

ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆ ವರದಿ ಆಫ್ ಮಾಡಿದೆವು. ಪದಗಳು ಮತ್ತೆ ನಿಜವಾಗಲು ಸ್ವಲ್ಪ ಸಮಯ ಹಿಡಿಯಿತು.

ಬೆಳಗಿನ ಜಾವದ ರಿಮೈಂಡರ್ ಕೂಡ ತೆಗೆದುಹಾಕಿ. ಹದಿಹರೆಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ನಿದ್ದೆಗೆಟ್ಟ ಮಗುವಿಗೆ ಯಾವ ಟೈಮರ್ ಇಟ್ಟು ಏನು ಪ್ರಯೋಜನ? 5ಕ್ಕೆ 3 ಸ್ಟಾರ್, ಮೂರೂ ಆ ಪ್ರಶ್ನೆಗೆ.