ಸಿಂಧನೂರು ಕಡಿ ಒಂದ್ ದಿನದ ಟೂರ್: ಧೋಂಡಿಯಾ ವಾಘ್, ಠಗ್ಗರು, ದಾರಿಗಳ್ಳರ ಇತಿಹಾಸ (ಮಕ್ಕಳನ್ನ ಕರ್ಕೊಂಡ್ ಹೋಗ್ರಿ)

ಟೀಚರ್‌ಗಳಿಗೆ ಉಪಯೋಗ ಆಗ್ಲಿ ಅಂತ ಬರಿಯಾಕತ್ತೀನ್ರಿ. ಸಿಂಧನೂರಿನ ಒಂದ್ ಟ್ರಾವೆಲ್ಸ್‌ನೋರು ಟಿಟಿ ಗಾಡಿ ಜೊತಿ ಗೈಡನ್ನೂ ಕೊಡ್ತಾರ, ಕನಕಗಿರಿ ನೋಡ್ಕೊಂಡು ಯಾಪಲಪರ್ವಿ ಕಡಿ ಹೋಗಿ ಸಂಜಿಗೆ ವಾಪಸ್. ನಾವು ಹೈಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗಿದ್ವಿ.

ಗೈಡ್ ಅಣ್ಣನ ಸಲುವಾಗೇ ಈ ಟೂರಿಗೆ ಹೋಗ್ಬೇಕು. ದಾರಿಗಳ್ಳರು ಅಂದ ಕೂಡ್ಲೆ ಎಲ್ಲಾರನ್ನೂ ಒಂದೇ ಚೀಲಕ್ಕ ತುಂಬ್ತಾರಲ್ರಿ, ಈತ ಹಂಗ ಮಾಡ್ಲಿಲ್ಲ. ಠಗ್ಗರು ಪ್ರಯಾಣಿಕರಂಗ ಬಂದು ಜೊತಿಗೂಡಿ, ದಾರಿ ತುಂಬ ನಂಬಿಸಿ, ರುಮಾಲಿನಿಂದ ಕುತ್ತಿಗಿ ಬಿಗಿದು ಹೆಣ ಹೂತು ಹೋಗೋರು, ಅದಕ್ಕ ಸತ್ತೋರ ಸುದ್ದೀನೂ ಮನಿಗೆ ಮುಟ್ಟುತಿರ್ಲಿಲ್ಲ. ಪಿಂಡಾರಿಗಳು ಕುದುರಿ ಮ್ಯಾಲ ಬಂದು ಹಾಡಹಗಲೇ ಊರು ಲೂಟಿ ಮಾಡೋರು, 1817-18ರ ಯುದ್ಧದಾಗ ಅವರ ಬಲ ಮುರೀತು. ಧೋಂಡಿಯಾ ಇನ್ನೊಂದೇ ಥರ. ಚನ್ನಗಿರಿ ಕಡಿಯವ, ಟಿಪ್ಪು ಸೆರೆಮನಿಗೆ ಹಾಕಿದ್ದ, 1799ರಾಗ ಶ್ರೀರಂಗಪಟ್ಟಣ ಬಿದ್ದಾಗ ಹೊರಗ ಬಂದು, ಕೆಲಸ ಕಳಕೊಂಡ ಸಿಪಾಯಿಗಳನ್ನ ಸಾವಿರಗಟ್ಟಲೆ ಕೂಡಿಸಿ "ಉಭಯ ಲೋಕಾಧೀಶ್ವರ" ಅಂತ ಕರಕೊಂಡ. ಈಸ್ಟ್ ಇಂಡಿಯಾ ಕಂಪನಿಯೋರು ಬರಿಯೋದ್ರಾಗ ಈತ ಬರೇ ಲೂಟಿಕೋರ.

1800ರ ಸೆಪ್ಟೆಂಬರ್ 10ಕ್ಕ ಆರ್ಥರ್ ವೆಲ್ಲೆಸ್ಲಿ ಬರೇ ಕುದುರಿ ದಂಡು ತಗೊಂಡು ಯಾಪಲಪರ್ವಿ ಕಡಿಯ ಕೋಣಗಲ್ ಹತ್ರ ಧೋಂಡಿಯಾನ ಮ್ಯಾಲ ಬಿದ್ದ, ಮುಂದ ವಾಟರ್ಲೂದಾಗ ನೆಪೋಲಿಯನ್‌ನ ಸೋಲಿಸಿದ ಅದೇ ವೆಲ್ಲೆಸ್ಲಿ. ಧೋಂಡಿಯಾ ಅಲ್ಲೇ ಸತ್ತ, ಆತನ ಸಣ್ಣ ಮಗ ಸಲಾಬತ್ ಖಾನ್‌ನ ವೆಲ್ಲೆಸ್ಲೀನ ಸಾಕಿದ. ಎರಿ ಹೊಲದಾಗ ನಿಂತು ಇದನ್ನ ಕೇಳೋ ಮುಂದ ನಮ್ಮ ಹುಡುಗ್ರು ಒಬ್ರೂ ಫೋನ್ ತೆಗೀಲಿಲ್ಲ. ಇಷ್ಟ್ ದೊಡ್ಡ ಘಟನಾ ನಮ್ಮ ಜಿಲ್ಲಾದಾಗ ಆಗೇತಿ, ನಾವ್ ಹೋದ ಕಡಿ ಒಂದ್ ಬೋರ್ಡೂ ಕಣ್ಣಿಗೆ ಬೀಳ್ಲಿಲ್ಲ, ಬಾಳ ಸಂಕಟ ಆತು.

ಆಮ್ಯಾಲ ಗಿಡದ ನೆರಳಾಗ ಕುಂದ್ರಿಸಿ ಕಾನೂನಿನ ವಿಚಾರ ಹೇಳಿದ, ನನಗ ಅದು ಇನ್ನೂ ಮುಖ್ಯ ಅನಿಸ್ತು. ಠಗ್ಗರನ್ನ ಹಿಡಿಯೋ ಕೆಲಸದ ಕಂಪನಿ ಅಧಿಕಾರಿ ಸ್ಲೀಮನ್ ಸಾಹೇಬ ಸಿಕ್ಕ ಠಗ್ಗರನ್ನೇ ಮಾಫಿ ಸಾಕ್ಷಿ ಮಾಡ್ಕೊಂಡು, ಅವರು ತೋರಿಸಿದ ಕಡಿ ಹೆಣ ಅಗಿಸಿ, ಗುಂಪು ಗುಂಪೇ ಹಿಡಿದ. ಕೊಲಿ ಖರೇನೇ ಆಗಿದ್ವು, ಅದನ್ನ ಗೈಡ್ ಮುಚ್ಚಿಡ್ಲಿಲ್ಲ. ಆದ್ರ 1836ರ ಕಾಯ್ದಿ ಏನಂತಂದ್ರ, ಠಗ್ಗರ ಗುಂಪಿಗೆ ಸೇರಿದವ ಅಂತ ಸಾಬೀತಾದ್ರ ಸಾಕು, ಜೀವಾವಧಿ. ಯಾರನ್ನ ಕೊಂದ, ಎಲ್ಲಿ ಕೊಂದ, ಬೇಕಿಲ್ಲ. 1871ರ ಅಪರಾಧಿ ಬುಡಕಟ್ಟು ಕಾಯ್ದ್ಯಾಗ ಇನ್ನೂ ಒಂದ್ ಹೆಜ್ಜಿ ಮುಂದ ಹೋಗಿ ಇಡೀ ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿ ಅಂತ ಬರದ್ರು, 1911ರಾಗ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು, ಬಳ್ಳಾರಿ ಆಗ ಮದ್ರಾಸಿಗೇ ಸೇರಿತ್ತು. ಕತ್ತೆ, ಎತ್ತಿನ ಮ್ಯಾಲ ಉಪ್ಪು ಕಾಳು ಹೇರ್ಕೊಂಡು ಊರೂರು ತಿರುಗಿ ಬದುಕಿದ ಕೊರಚರಂಥೋರು ರೈಲು ಬಂದು ವ್ಯಾಪಾರ ಕಳಕೊಂಡ್ರು, ಮ್ಯಾಲೆ ಪೊಲೀಸರ ಮುಂದ ಹಾಜರಿ, ಊರು ಬಿಡಾಕ ಪಾಸು. 1952ರ ಆಗಸ್ಟ್ 31ಕ್ಕ ಆ ಪಟ್ಟಿ ರದ್ದಾತು. ನಮ್ಮ ಕ್ಲಾಸಿನಾಗ ಅಂಥ ಮನಿ ಮಕ್ಕಳದಾರ, ಇವತ್ತಿಗೂ ಊರಾಗ ಏನರ ಕಳುವಾದ್ರ ಮೊದ್ಲು ಅವರ ಓಣಿ ಕಡಿ ನೋಡ್ತಾರ. ಅವರ ಮುಂದ ಇದನ್ನ ಇಷ್ಟು ನೇರವಾಗಿ, ಮರ್ಯಾದಿಯಿಂದ ಹೇಳಿದ್ದಕ್ಕ ಆ ಗೈಡ್ ಅಣ್ಣಗ ನನ್ನ ನಮಸ್ಕಾರ.

ಊಟ ಖಾನಾವಳ್ಯಾಗ, ರೊಟ್ಟಿ ಎಣ್ಣಿಗಾಯಿ ಪುಂಡಿಪಲ್ಯ, ಚಲೋ ಇತ್ತು, ಆದ್ರ ಬಾಳ ತಡ ಮಾಡಿದ್ರು, ಸಣ್ಣ ಹುಡುಗ್ರು ಹಸಿದು ಸುಸ್ತಾಗಿದ್ರು. ಮುಂಜಾನೆ ಒಗ್ಗರಣಿ ಮಿರ್ಚಿ ಗಟ್ಟಿಯಾಗಿ ತಿಂದೇ ಹತ್ರಿ. ಮೈಕ್ ಇಲ್ಲ, ಹಿಂದಿನ ಸೀಟಿನೋರಿಗೆ ಅರ್ಧ ಕೇಳ್ಸೂದಿಲ್ಲ. ಹೊಲದ ಕಡಿ ಹೆಣ್ಮಕ್ಕಳಿಗೆ ಟಾಯ್ಲೆಟ್ ವ್ಯವಸ್ಥಾ ಏನೂ ಇಲ್ಲ, ಇದನ್ನ ಅವ್ರು ಸರಿ ಮಾಡ್ಲೇಬೇಕು, ಬುಕ್ ಮಾಡೋ ಮುಂದ ನೀವೂ ಕೇಳ್ರಿ. ಬ್ಯಾಸಿಗ್ಯಾಗ ಮಾತ್ರ ಬ್ಯಾಡ, ನೆರಳಿಲ್ಲದ ಬಯಲು ಅದು. ಆ ಕಾಯ್ದಿ ಕೆಳಗ ಇಂಥ ಜಾತಿಯೋರನ್ನ ಕಾವಲಿನಾಗ ಇಟ್ಟಿದ್ದ ಗದಗ-ಬೆಟಗೇರಿ ಸೆಟ್ಲಮೆಂಟ್ ಕಡಿನೂ ಒಂದ್ ಟ್ರಿಪ್ ಮಾಡ್ರಿ ಅಂತ ಕೇಳೇವಿ, ಮಂದಿ ಕೂಡಿದ್ರ ಮಾಡ್ತೀವಿ ಅಂದಾರ, ಯಾವದರ ಶಾಲಿಯೋರು ಬರೋದಿದ್ರ ನಮ್ಮ ಜೋಡಿ ಸೇರ್ಕೋರಿ.