ಲಿವರ್ ಬಿಟ್ಟರೂ ನಿಲ್ಲದ ಟಿಲ್ಲರ್: ಬೆಲ್ಟ್ ಹಾಕಿಸುವ ಮೊದಲು ಓದಿ

ಹೆಸರಘಟ್ಟದ ಕಡೆಯ ಒಂದು ತೋಟ. ಏಳು ಎಚ್‌ಪಿ ಪೆಟ್ರೋಲ್ ಟಿಲ್ಲರ್, ಹಿಂದಿನ ದಿನವಷ್ಟೇ ಹೊಸ ಬೆಲ್ಟ್ ಹಾಕಿಸಿಕೊಂಡು ಬಂದದ್ದು. ಕಾಂಪೌಂಡ್ ಮೂಲೆಯಲ್ಲಿ ರಿವರ್ಸ್ ತೆಗೆಯುವಾಗ ಕ್ಲಚ್ ಲಿವರ್ ಬಿಟ್ಟರೂ ಬ್ಲೇಡು ತಿರುಗುತ್ತಲೇ ಇತ್ತು. ಮುಂದಕ್ಕೆ ಹೋಗುವಾಗ ಹೀಗಾದರೆ ಗಾಡಿ ನಮ್ಮಿಂದ ದೂರ ಓಡುತ್ತದೆ. ರಿವರ್ಸಿನಲ್ಲಿ ಕಾಲ ಮೇಲೇ ಬರುತ್ತದೆ. ಸ್ವಿಚ್ ಆಫ್ ಮಾಡುವಷ್ಟರಲ್ಲಿ ಡ್ರಿಪ್ ಪೈಪು ಬ್ಲೇಡಿಗೆ ಜಡೆಯಂತೆ ಸುತ್ತಿಕೊಂಡಿತ್ತು, ಗಮ್‌ಬೂಟಿನ ಮೂತಿ ಸೀಳಿತ್ತು. ಬೆರಳು ಉಳಿದದ್ದು ಬೂಟಿನಿಂದ. ಹವಾಯಿ ಚಪ್ಪಲಿಯಲ್ಲಿ ಟಿಲ್ಲರ್ ಹಿಡಿಯುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಎಡವಟ್ಟು ಶುರುವಾದದ್ದು ಒಂದು ದಾರದಿಂದ. ಹಳೆ ಬೆಲ್ಟಿನ ನಂಬರ್ ಅಳಿಸಿಹೋಗಿತ್ತು. ರಿಪೇರಿಯವರು ಅದರ ಹೊರಮೈಗೆ ದಾರ ಸುತ್ತಿ ಅಳೆದರು. 51 ಇಂಚು ಬಂತು. ಬಿ-51 ತಂದು ಹಾಕಿದರು. ಆದರೆ ಬೇಕಿದ್ದದ್ದು ಬಿ-48. ಬಿ ಅನ್ನುವುದು ಬೆಲ್ಟಿನ ಅಗಲದ ಗುರುತು, 48 ಅಂದರೆ ಒಳಸುತ್ತು 48 ಇಂಚು. ಬಿ ಬೆಲ್ಟಿನ ದಪ್ಪ 11 ಮಿ.ಮೀ., ಹಾಗಾಗಿ ಹೊರಸುತ್ತು ಸುಮಾರು 69 ಮಿ.ಮೀ., ಅಂದರೆ 2.7 ಇಂಚು ಹೆಚ್ಚು. ಅಳತೆ ಸರಿಯಾಗಿಯೇ ಇತ್ತು, ಅಳೆದ ಜಾಗ ತಪ್ಪು.

ಉದ್ದದ ಬೆಲ್ಟ್ ಸಡಿಲವಾಗಿ ಜಾರಿತು. ಇಂಜಿನ್ನನ್ನು ಮುಂದಕ್ಕೆ ತಳ್ಳಿದರೂ ಸಾಲಲಿಲ್ಲ. ಆಗ ಕ್ಲಚ್ ಕೇಬಲಿನ ಸ್ಕ್ರೂ ಪೂರ್ತಿ ಎಳೆದು ಬಿಗಿ ಮಾಡಿದರು. ಈ ಗಾಡಿಗಳಲ್ಲಿ ಬೇರೆ ಕ್ಲಚ್ ಪ್ಲೇಟ್ ಇಲ್ಲ. ಲಿವರ್ ಹಿಡಿದಾಗ ಟೆನ್ಷನರ್ ಪುಲ್ಲಿ ಬೆಲ್ಟನ್ನು ಒತ್ತುತ್ತದೆ, ಬಿಟ್ಟಾಗ ಬೆಲ್ಟ್ ಸಡಿಲವಾಗಿ ನಿಲ್ಲುತ್ತದೆ, ಅಷ್ಟೇ ಕ್ಲಚ್. ಕೇಬಲ್ ಪೂರ್ತಿ ಎಳೆದಿದ್ದರೆ ಲಿವರ್ ಬಿಟ್ಟರೂ ಪುಲ್ಲಿ ಬೆಲ್ಟಿನ ಮೇಲೇ ಕೂತಿರುತ್ತದೆ. ಸಾಲದ್ದಕ್ಕೆ, ಉಜ್ಜಿ ಸದ್ದು ಮಾಡುತ್ತದೆಂದು ಬೆಲ್ಟ್ ಗೈಡ್ ಕಂಬಿಯನ್ನೂ ಬಿಚ್ಚಿಟ್ಟಿದ್ದರು. ಸಡಿಲವಾದ ಬೆಲ್ಟ್ ಇಂಜಿನ್ ಪುಲ್ಲಿಯನ್ನು ಬಿಟ್ಟು ಏಳುವಂತೆ ಮಾಡುವುದೇ ಆ ಕಂಬಿ. ಅದಿಲ್ಲದಿದ್ದರೆ ಬೆಲ್ಟ್ ಪುಲ್ಲಿಗೆ ಅಂಟಿಕೊಂಡೇ ಸುತ್ತುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿಗೋ ಮನೆ ಹತ್ತಿರದ ಬೆಲ್ಟ್ ಅಂಗಡಿಗೋ ಹೋಗುವ ಮೊದಲು ಮ್ಯಾನ್ಯುಯಲ್ ನೋಡಿ. ಅದಿಲ್ಲದಿದ್ದರೆ ಹಳೆ ಬೆಲ್ಟಿನ ಒಳಮೈಗೆ ಟೇಪ್ ಹಿಡಿದು ಅಳೆಯಿರಿ. ಕತ್ತರಿಸಿ ನೆಟ್ಟಗೆ ಮಲಗಿಸಿ ಅಳೆಯಬೇಡಿ, ಒಳಮೈ ಹಿಗ್ಗಿ ಲೆಕ್ಕ ಮತ್ತೆ ಕೆಡುತ್ತದೆ. ಸವೆದ ಬೆಲ್ಟ್ ಸ್ವಲ್ಪ ಉದ್ದವಾಗಿರುತ್ತದೆ ಎನ್ನುವುದೂ ನೆನಪಿರಲಿ. ಮೇಲಿನ ಅಗಲ 17 ಮಿ.ಮೀ. ಇದ್ದರೆ ಬಿ, 13 ಇದ್ದರೆ ಎ. "ಬಿ ಸ್ಟಾಕ್ ಇಲ್ಲ ಸಾರ್, ಎ ಹಾಕಿ, ನಡೆಯುತ್ತೆ" ಅಂದರೆ ವಾಪಸ್ ಬನ್ನಿ. ಬಿ ಪುಲ್ಲಿಯ ತೋಡಿನಲ್ಲಿ ಎ ಬೆಲ್ಟ್ ತಳಕ್ಕೆ ಇಳಿದು ಕೂರುತ್ತದೆ, ಪಕ್ಕಗಳು ಹಿಡಿಯುವುದಿಲ್ಲ; ಒಣಗಿದ ಕೆಮ್ಮಣ್ಣಿಗೆ ಬ್ಲೇಡು ಇಳಿಸಿದ ಕೂಡಲೇ ರಬ್ಬರ್ ಸುಟ್ಟ ವಾಸನೆ. ಪುಲ್ಲಿ ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪುಲ್ಲಿಯೇ ಸವೆದಿದೆ, ಹೊಸ ಬೆಲ್ಟ್ ದಂಡ. ಜೋಡಿ ಬೆಲ್ಟಿನ ಗಾಡಿಗೆ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದ್ದು ಹಾಕಿ. ಒಂದನ್ನೇ ಬದಲಿಸಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಕೆಲಸಕ್ಕೆ ಕೂತಾಗ ಮೊದಲು ಪ್ಲಗ್ ಕ್ಯಾಪ್ ಕಿತ್ತಿಡಿ. ಕವರ್ ತೆಗೆದು ಬೆಲ್ಟ್ ಹೋಗುವ ದಾರಿಯ ಫೋಟೋ ಹೊಡೆದುಕೊಳ್ಳಿ. ಇಂಜಿನ್ ಕೂರಿಸಿರುವ ನಾಲ್ಕು ಬೋಲ್ಟ್ ಸಡಿಲಿಸಿದರೆ ಬೆಲ್ಟ್ ಕೈಯಲ್ಲೇ ಬರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸಿದರೆ ಒಳಗಿನ ನೂಲು ಹರಿದು, ಹೊರಗೆ ಏನೂ ಕಾಣದೆ, ಕೆಲವೇ ದಿನಕ್ಕೆ ತುಂಡಾಗುತ್ತದೆ. ಹೊಸದು ಕೂರಿಸಿ, ಎರಡೂ ಪುಲ್ಲಿಗೆ ನೇರ ಪಟ್ಟಿ ಹಿಡಿದು ಒಂದೇ ಸಾಲಿನಲ್ಲಿವೆಯೇ ನೋಡಿಯೇ ಬೋಲ್ಟ್ ಬಿಗಿಯಿರಿ. ಲಿವರ್ ಹಿಡಿದಿರುವಾಗ ಗೈಡ್ ಕಂಬಿಗೂ ಬೆಲ್ಟಿಗೂ 2ರಿಂದ 4 ಮಿ.ಮೀ. ಸಂದು ಇರಬೇಕು. ಜಾರುತ್ತದೆಂದು ರಾಳದ ಪುಡಿ ಹಾಕುವ ಅಭ್ಯಾಸ ಬೇಡವೇ ಬೇಡ.

ಗಾಡಿಯನ್ನು ವಾಲಿಸಬೇಕಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಏರ್ ಫಿಲ್ಟರ್ ಇರುವ ಬದಿ ಮೇಲೆ ಬರಲಿ. ಇಲ್ಲವಾದರೆ ಏರ್ ಫಿಲ್ಟರಿನೊಳಕ್ಕೆ ಆಯಿಲ್ ನುಗ್ಗುತ್ತದೆ. 200 ಸಿಸಿ ಆಸುಪಾಸಿನ ಇಂಜಿನ್ನಿಗೆ ಆಯಿಲ್ ಸುಮಾರು 600 ಮಿ.ಲೀ.; ಹೊಸ ಗಾಡಿಗೆ ಮೊದಲ 20 ಗಂಟೆ ಓಡಿದ ಮೇಲೆ ಒಂದು ಸಲ, ಆಮೇಲೆ ನೂರು ಗಂಟೆಗೊಮ್ಮೆ ಬದಲಿಸಿದರೆ ಸಾಕು. ಬೇಸಿಗೆಯ ಧೂಳಿನಲ್ಲಿ ಏರ್ ಫಿಲ್ಟರನ್ನು ದಿನಾ ಬಿಚ್ಚಿ ನೋಡಿ.

ರಿಪೇರಿಯಿಂದ ಬಂದ ಗಾಡಿಯಾಗಲಿ, ಬಾಡಿಗೆಗೆ ತಂದದ್ದಾಗಲಿ, ದುಡ್ಡು ಕೊಡುವ ಮೊದಲು ಬಯಲಲ್ಲಿ ನಿಲ್ಲಿಸಿ, ಬ್ಲೇಡು ನೆಲಕ್ಕೆ ತಾಗದಂತೆ ಎತ್ತಿ ಆಧಾರ ಕೊಟ್ಟು, ಸ್ಟಾರ್ಟ್ ಮಾಡಿಸಿ. ಯಾರೂ ಹತ್ತಿರ ಇರಬಾರದು. ಮುಂದಿನ ಗೇರ್ ಹಾಕಿ ಲಿವರ್ ಹಿಡಿಯಿರಿ, ಆಮೇಲೆ ಕೈ ಬಿಡಿ, ಬ್ಲೇಡು ನಿಲ್ಲಬೇಕು. ಆಕ್ಸಿಲರೇಟರ್ ಏರಿಸಿ ಇನ್ನೊಮ್ಮೆ ನೋಡಿ. ರಿವರ್ಸಿನಲ್ಲೂ ಹೀಗೇ. ಎಲ್ಲಾದರೂ ತೆವಳುತ್ತಾ ತಿರುಗಿದರೆ ಇಂಜಿನ್ ಆಫ್ ಮಾಡಿ, ಕೇಬಲ್ ಸಡಿಲಿಸಿ, ಗೈಡ್ ಕಂಬಿ ನೋಡಿ. ಎಲ್ಲ ಸರಿಯಿದ್ದರೆ ಹದಿನೈದು ಇಪ್ಪತ್ತು ನಿಮಿಷ ಉತ್ತು, ಆರಲು ಬಿಟ್ಟು, ಬಿಗಿ ಮತ್ತೆ ಪರೀಕ್ಷಿಸಿ. ಹೊಸ ಬೆಲ್ಟ್ ಮೊದಲ ದಿನವೇ ಕೊಂಚ ಹಿಗ್ಗುತ್ತದೆ.