ಹಳೆಯ ವೈನ್ ಮಾರುವವರೇ, ಬೆಲೆ ಕಾಗದದ ಮೇಲೆ ಬರುವ ತನಕ ಬಾಟಲಿ ಹೊಸಿಲು ದಾಟದಿರಲಿ

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ, ಅದರಲ್ಲೂ ಹಿಂದಿನ ತಲೆಮಾರಿನ ಡಾಕ್ಟರುಗಳ ಮನೆಯವರಿಗೆ ಈ ಬರಹ. ಮೆಟ್ಟಿಲ ಕೆಳಗೆ ಹಳೆಯ ಶಾಂಪೇನ್, ವೈನ್ ಬಾಟಲಿಗಳಿವೆಯಾ? "ಮನೆಗೇ ಬಂದು ಪುಕ್ಕಟೆ ಬೆಲೆ ಕಟ್ಟುತ್ತೇವೆ" ಅನ್ನುವ ಜಾಹೀರಾತು ಕಣ್ಣಿಗೆ ಬಿದ್ದಿದೆಯಾ? ಫೋನ್ ಮಾಡುವ ಮೊದಲು ಇದನ್ನೊಮ್ಮೆ ಓದಿ.

ನಮ್ಮ ಮಾವನವರು ದಾವಣಗೆರೆಯಿಂದ ಬಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಡಾಕ್ಟರಾಗಿದ್ದವರು. ಒಂದು ತೊಟ್ಟು ಕುಡಿದವರಲ್ಲ. ಆದರೆ ಕ್ರಿಸ್‌ಮಸ್ ಬಂತೆಂದರೆ ಪೇಷೆಂಟುಗಳು ಬಾಟಲಿ ತಂದುಕೊಡುತ್ತಿದ್ದರು. ಪ್ರೀತಿಯಿಂದ ಕೊಟ್ಟಿದ್ದನ್ನು ಬಿಸಾಡುವುದು ಹೇಗೆ ಅಂತ ಎಲ್ಲವನ್ನೂ ಮೆಟ್ಟಿಲ ಕೆಳಗೆ ಸೇರಿಸುತ್ತಿದ್ದರು. ಸ್ನೇಹಿತರಾಗಿದ್ದ ಸರ್ಜನ್ ಒಬ್ಬರು ನಿವೃತ್ತರಾದಾಗ ಒಂದು ಮರದ ಪೆಟ್ಟಿಗೆಯನ್ನೇ ಕೊಟ್ಟು ಹೋಗಿದ್ದರು. ಫ್ರಾನ್ಸಿನ ಬೋರ್ಡೋ ಕಡೆಯ ಷಾಟೋ ಲಿಂಚ್-ಬಾಜ್ ಅನ್ನುವ ಕೆಂಪು ವೈನ್, 1985ರದ್ದು, 12 ಬಾಟಲಿ. ಕೊಂಡಾಗಿನ ಬಿಲ್ಲೂ ಜೊತೆಗಿತ್ತು. ಮಾವ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಇವೆಲ್ಲ ಹೊರಗೆ ಬಂದವು.

ಇಂಥ ರಾಶಿಯಲ್ಲಿ ಮುಕ್ಕಾಲು ಪಾಲಿಗೆ ಬೆಲೆಯೇ ಇರುವುದಿಲ್ಲ. ಲೇಬಲ್ ಮೇಲೆ ಇಸವಿ ಇಲ್ಲದ ಮಾಮೂಲಿ ಶಾಂಪೇನ್ ಬೇಗ ಕುಡಿದು ಮುಗಿಸಲೆಂದೇ ಮಾಡಿದ್ದು, ಇಟ್ಟಷ್ಟೂ ಬೆಲೆ ಏರುತ್ತದೆ ಅನ್ನುವುದು ಭ್ರಮೆ. ನಮ್ಮಲ್ಲಿ ಮಾರುವಂಥದ್ದು ಅಂತ ಇದ್ದದ್ದು ಆ ಪೆಟ್ಟಿಗೆ, ದುಬಾರಿ ಶಾಂಪೇನ್‌ಗಳಾದ 1985ರ ಡಾಂ ಪೆರಿನ್ಯೋ ಎರಡು, ಕ್ರಿಸ್ಟಲ್ ಒಂದು, ಮತ್ತೆ 1977ರ ಟೇಲರ್ಸ್ ಪೋರ್ಟ್ ಅನ್ನುವ ಪೋರ್ಚುಗಲ್‌ನ ಸಿಹಿ ವೈನ್ ಎರಡು. ಕ್ರಿಸ್ಟಲ್ ಬಾಟಲಿಗೆ ಸುತ್ತಿದ್ದ ಬಣ್ಣದ ಹಾಳೆ ಹಾಗೇ ಇತ್ತು. ಅದು ಬರೀ ಅಂದಕ್ಕಲ್ಲ. ಆ ಬಾಟಲಿಯ ಗಾಜಿಗೆ ಬಣ್ಣವಿಲ್ಲ, ಬೆಳಕು ತಾಕಿದರೆ ಒಳಗಿರುವುದು ಕೆಡುತ್ತದೆ. ಬಿಚ್ಚಿ ಒರೆಸಲು ಹೋಗಬೇಡಿ.

ನಾನು ಫೋಟೋ ತೆಗೆದು ಒಂದು ಹರಾಜು ಸಂಸ್ಥೆಗೂ, ಜಾಹೀರಾತಿನ ವ್ಯಾಪಾರಿಗೂ ಕಳಿಸಿದೆ. ಹರಾಜಿನವರು 2,000ದಿಂದ 2,400 ಪೌಂಡ್ ಅಂದಾಜು ಕೊಟ್ಟರು. ವ್ಯಾಪಾರಿ ಫೋನಿನಲ್ಲೇ 3,000 ಅಂದ. ಶನಿವಾರ ಬರುತ್ತೇನೆ ಅಂದವನು ಶುಕ್ರವಾರವೇ ಹಾಜರಾದ. ಮನೆಯಲ್ಲಿ ಅತ್ತೆ ಒಬ್ಬರೇ. ಬಂದವರಿಗೆ ಟೀ ಕೊಟ್ಟು, ಚಕ್ಕುಲಿ ತಟ್ಟೆ ಇಟ್ಟು ಉಪಚಾರ ಮಾಡಿದ್ದಾರೆ. "ಅಳಿಯಂದ್ರೇ, ನಿಮ್ಮ ಜೊತೆ ಮಾತಾಗಿದೆ ಅಂದ್ರು, ತುಂಬಾ ಮರ್ಯಾದಸ್ಥರು" ಅಂತ ಸಂಜೆ ನನಗೆ ಹೇಳಿದರು. ಆ ಮರ್ಯಾದಸ್ಥ ಬಿಟ್ಟುಹೋದ ರಸೀದಿಯಲ್ಲಿ ಇದ್ದದ್ದು ಇಷ್ಟೇ: "ಬೇರೆಬೇರೆ ವೈನ್, 17 ಬಾಟಲಿ, ಪರಿಶೀಲನೆಗಾಗಿ." ಹೆಸರಿಲ್ಲ, ಇಸವಿ ಇಲ್ಲ, ಬೆಲೆ ಇಲ್ಲ. ಅಷ್ಟೊಂದು ಬಾಟಲಿಗಳ ನಡುವೆ ಬೆಲೆಬಾಳುವ ಹದಿನೇಳನ್ನೇ ಸರಿಯಾಗಿ ಆರಿಸಿದವನಿಗೆ ಹೆಸರು ಬರೆಯಲು ಪುರುಸೊತ್ತಿರಲಿಲ್ಲ! ಅಸಲು ಬಿಲ್ಲನ್ನೂ ಇಸ್ಕೊಂಡು ಹೋಗಿದ್ದ.

ಕೆಲವು ವಾರಗಳಾದ ಮೇಲೆ ಇಮೇಲ್ ಬಂತು. ಲೇಬಲ್ ತೇವ ಹಿಡಿದಿದೆ, ಬೋರ್ಡೋ ಬಾಟಲಿಗಳೊಳಗೆ ವೈನ್ ಮಟ್ಟ "ಭುಜದ ನಡುವಿಗೆ" ಇಳಿದಿದೆ, ಒಟ್ಟು 1,150 ಪೌಂಡ್ ಕೊಡಬಹುದು. ವಾಪಸ್ ಬೇಕಾದರೆ ಬಾಟಲಿಗೆ 12 ಪೌಂಡಿನಂತೆ ಸಾಗಣೆ ಮತ್ತು ದಾಸ್ತಾನು ಖರ್ಚು ಕೊಡಬೇಕು. ಇಡೀ ಆಟ ಇರುವುದೇ ಇಲ್ಲಿ. ದೊಡ್ಡ ಮೊತ್ತ ಹೇಳಿ ಹರಾಜಿನವರನ್ನು ಬಿಡಿಸುವುದು, ಬಾಟಲಿ ಕೈಗೆ ಬಂದ ಮೇಲೆ ಕತ್ತರಿ ಹಾಕುವುದು.

ಮಟ್ಟದ ವಿಷಯ ಸ್ವಲ್ಪ ಹೇಳಲೇಬೇಕು. ಕಾರ್ಕ್ ಮೂಲಕ ವೈನ್ ವರ್ಷವರ್ಷವೂ ಚೂರುಚೂರೇ ಆರುತ್ತದೆ, ಆ ಜಾಗಕ್ಕೆ ಗಾಳಿ ಸೇರುತ್ತದೆ. ಬೋರ್ಡೋ ಬಾಟಲಿಗೆ ಭುಜ ಇರುವುದರಿಂದ ಕತ್ತಿನೊಳಗೆ, ಕತ್ತಿನ ಬುಡ, ಭುಜದ ಮೇಲ್ಭಾಗ, ಭುಜದ ನಡು ಅಂತ ಅಳೆಯುತ್ತಾರೆ. ಇಷ್ಟು ಹಳೆಯ ಬಾಟಲಿಯಲ್ಲಿ ಕತ್ತಿನ ಬುಡ ಅಂದರೆ ಒಳ್ಳೆಯ ಮಟ್ಟವೇ. ಭುಜದ ನಡುವಿಗೆ ಇಳಿದರೆ ಕೊಳ್ಳುವವರು ಹಿಂಜರಿಯುತ್ತಾರೆ. ನಾನು ಹರಾಜಿನವರಿಗಾಗಿ ಪ್ರತಿ ಬಾಟಲಿಯನ್ನೂ ನೇರ ನಿಲ್ಲಿಸಿ, ಕತ್ತಿನ ಹಿಂದೆ ಟಾರ್ಚ್ ಹಿಡಿದು ಫೋಟೋ ತೆಗೆದಿದ್ದೆ. ಕೆಂಪು ಗೆರೆ ಕತ್ತಿನ ಬುಡದಲ್ಲೇ ನಿಚ್ಚಳವಾಗಿ ಕಾಣುತ್ತಿತ್ತು.

ಆ ಫೋಟೋಗಳನ್ನು ಲಗತ್ತಿಸಿ, ಬಾಟಲಿಗಳು ವಾಪಸ್ ಬಾರದಿದ್ದರೆ ಸಣ್ಣ ಮೊತ್ತದ ದಾವೆ ಹಾಕುತ್ತೇನೆ ಅಂತ ಪತ್ರ ಬರೆದೆ. ಇಂಗ್ಲೆಂಡಿನಲ್ಲಿ 10,000 ಪೌಂಡಿನವರೆಗೆ ಲಾಯರ್ ಇಲ್ಲದೆಯೇ ಈ ದಾರಿ ಹಿಡಿಯಬಹುದು. ದಾಸ್ತಾನಿನ ಖರ್ಚಿನ ಮಾತು ಅಲ್ಲಿಗೇ ನಿಂತಿತು. ಬಾಟಲಿಗಳು ಬಂದವು. ಪೆಟ್ಟಿಗೆಯ ಮರದ ಮುಚ್ಚಳ ಬರಲಿಲ್ಲ, ಬಿಲ್ಲೂ ಬರಲಿಲ್ಲ.

ಒಂದು ಬಿಲ್ಲಿಗೆ ಯಾಕಿಷ್ಟು ಗೋಳು ಅಂತೀರಾ? 2008ರಲ್ಲಿ ನ್ಯೂಯಾರ್ಕಿನ ಒಂದು ಹರಾಜಿಗೆ ಫ್ರಾನ್ಸಿನಲ್ಲಿ ವೈನ್ ಮಾಡುವ ಪೋನ್ಸೋ ಮನೆತನದ ಹೆಸರಿನಲ್ಲಿ 1945ರ ಕ್ಲೋ ಸೇಂಟ್ ಡೆನಿ ಅನ್ನುವ ವೈನ್ ಬಂದಿತ್ತು. ಆ ಮನೆತನ ಆ ವೈನ್ ಮಾಡಲು ಶುರುಮಾಡಿದ್ದೇ 1980ರ ದಶಕದಲ್ಲಿ! ಮನೆತನದ ಲೋರಾಂ ಪೋನ್ಸೋ ಖುದ್ದಾಗಿ ಬಂದು ಆ ಬಾಟಲಿಗಳನ್ನು ಹಿಂದಕ್ಕೆ ತೆಗೆಸಿದರು. ಅದನ್ನು ತಂದಿದ್ದ ರೂಡಿ ಕುರ್ನಿಯವಾನ್‌ಗೆ ನಕಲಿ ವೈನ್ ಕೇಸಿನಲ್ಲಿ 2014ರಲ್ಲಿ 10 ವರ್ಷ ಜೈಲಾಯಿತು. ಹಾಗಾಗಿ ಬಾಟಲಿ ಎಲ್ಲಿಂದ ಬಂತು, ಎಲ್ಲಿಟ್ಟಿದ್ದರು ಅಂತ ಕೊಳ್ಳುವವರು ಕೇಳಿಯೇ ಕೇಳುತ್ತಾರೆ. ಬಿಲ್ಲಿನ ನಕಲು ಕೊಡಿ, ಅಸಲು ನಿಮ್ಮಲ್ಲೇ ಇರಲಿ.

ಬೆಲೆಯ ಬಗ್ಗೆಯೂ ಒಂದು ಮಾತು. ಅಂತರ್ಜಾಲದಲ್ಲಿ ಕಾಣುವುದು ಅಂಗಡಿಯವರು ಕೇಳುವ ಬೆಲೆ, ನಿಮ್ಮ ಕೈಗೆ ಬರುವುದಲ್ಲ. ತೆರಿಗೆ ಇಲಾಖೆಯ ಒಪ್ಪಿಗೆ ಇರುವ ಬಾಂಡೆಡ್ ಗೋದಾಮಿನಲ್ಲಿದ್ದ ಮಾಲಿಗೆ ಸಿಗುವ ಬೆಲೆ ಮೆಟ್ಟಿಲ ಕೆಳಗಿದ್ದದ್ದಕ್ಕೆ ಸಾಮಾನ್ಯವಾಗಿ ಸಿಗದು. ಹರಾಜಿನಲ್ಲೂ ಕಡಿತ ಇದೆ. ಉದಾಹರಣೆಗೆ 1,000 ಪೌಂಡಿಗೆ ಕೂಗು ನಿಂತು, ಕಮಿಷನ್ ಶೇ. 15 ಇದ್ದರೆ, ಅದರ ಮೇಲೆ ಶೇ. 20 ವ್ಯಾಟ್ ಸೇರಿ ನಿಮಗೆ ಬರುವುದು 820. ವಿಮೆ, ಫೋಟೋ ಖರ್ಚು ಬೇರೆ ಇದೆಯಾ ಅಂತ ಮೊದಲೇ ಕೇಳಿ. ಇಷ್ಟಕ್ಕಿಂತ ಕಡಿಮೆಗೆ ಬಿಡಬೇಡಿ ಅಂತ ಕನಿಷ್ಠ ಬೆಲೆಯನ್ನೂ ಬರೆಸಿ.

ನೀವೇ ಆನ್‌ಲೈನ್‌ನಲ್ಲಿ ಮಾರೋಣ ಅಂದರೆ, ಇಲ್ಲಿ ಲೈಸೆನ್ಸ್ ಇಲ್ಲದೆ ಮದ್ಯದ ಚಿಲ್ಲರೆ ಮಾರಾಟ ಮಾಡುವಂತಿಲ್ಲ. ನಮ್ಮ ಸಂಬಂಧಿಕರೊಬ್ಬರು "ಬೆಂಗಳೂರಿಗೆ ತನ್ನಿ, ಡಬಲ್ ರೇಟಿಗೆ ಹೋಗುತ್ತೆ" ಅಂದರು. ಭಾರತಕ್ಕೆ ಸುಂಕವಿಲ್ಲದೆ ಒಯ್ಯಬಹುದಾದದ್ದು ಒಬ್ಬರಿಗೆ 2 ಲೀಟರ್. ಅಲ್ಲೂ ಅಬಕಾರಿ ಲೈಸೆನ್ಸ್ ಇಲ್ಲದೆ ಮಾರಿದರೆ ಕೇಸು. ಸುಮ್ನೆ ಆ ಗೋಜಿಗೆ ಹೋಗಬೇಡಿ.

ಕೊನೆಗೆ ನಮ್ಮ ಬಾಟಲಿಗಳು ಹರಾಜಿಗೇ ಹೋದವು. ಮುಚ್ಚಳವಿಲ್ಲದ ಪೆಟ್ಟಿಗೆಗೆ ಅಂದಾಜಿಗಿಂತ ಕಡಿಮೆ ಬಂತು, ಶಾಂಪೇನ್ ಚೆನ್ನಾಗಿಯೇ ಹೋಯಿತು. ಆ ವ್ಯಾಪಾರಿಯ ಜಾಹೀರಾತು ಈಗಲೂ ಬರುತ್ತಿದೆ, ಫೋನ್ ನಂಬರ್ ಮಾತ್ರ ಬೇರೆ. ಬಾಟಲಿಯ ಹೆಸರು, ಇಸವಿ, ಮಟ್ಟ, ಲೇಬಲ್ ಸ್ಥಿತಿ, ಒಪ್ಪಿದ ಬೆಲೆ, ವಾಪಸ್ ಕೊಡುವ ದಿನ, ಇಷ್ಟೂ ಇರುವ ರಸೀದಿಯ ನಮೂನೆಯೊಂದನ್ನು ಮಾಡಿಟ್ಟಿದ್ದೇನೆ. ಬೇಕಾದವರು ಕೇಳಿ, ಕಳಿಸುತ್ತೇನೆ.